ಕಾಲುವೆ ತುಳಿದವರು

"ಇನ್ನೂ ಜೋರಾಗಿ ತುಳೀರೋ, ಹೊಟ್ಟೆಗೆ ತಿಂದಿಲ್ವಾ?" ಎಂದು ಗಾಡಿಗಳ ಯಜಮಾನ ಗದರಿದ. ಇನ್ನೂ ನೀರು ಕಾಣದ ಹೊಸ ಕಾಲುವೆಯ ತಳಕ್ಕೆ ಅವನ ಗಾಡಿಯಾಳುಗಳೆಲ್ಲ ಎತ್ತುಗಳ ಸಮೇತ ಇಳಿದಿದ್ದರು. ತಳಕ್ಕೆ ಹಾಸಿದ್ದ ಜೇಡಿಮಣ್ಣು ಯಜಮಾನನಿಗೂ ಮೊಣಕಾಲವರೆಗೆ ಮೆತ್ತಿಕೊಂಡಿತ್ತು.

ಕಾಲುವೆಯಲ್ಲಿ ದೋಣಿ ಓಡಿದರೆ ಗಾಡಿಗೆ ಸರಕು ಹೇರುವವರು ಯಾರು? ಅಜ್ಜನ ಕಾಲದ ಕಸುಬು ಮಣ್ಣುಪಾಲು. ಅದೂ ಯಾರಿಂದ? ಸದಾ ಕೆಸರಲ್ಲೇ ಬಿದ್ದಿರುವ, ಜೋರಾಗಿ ಗಾಳಿ ಬೀಸಿದರೆ ಹಾರಿಹೋಗುವಂಥ ಒಬ್ಬ ಇಂಜಿನಿಯರನಿಂದ. ಊರು ಅಲ್ಲಿಯವರೆಗೆ ಇಂಜಿನಿಯರ್ ಎಂಬ ಪ್ರಾಣಿಯನ್ನೇ ಕಂಡಿರಲಿಲ್ಲ. ಯಜಮಾನ ಅವನಿಗೆ ಕಪ್ಪೆರಾಯ ಎಂದು ಹೆಸರಿಟ್ಟಿದ್ದ.

ಯಜಮಾನ ಕಾಲುವೆ ನೋಡಲು ಬಂದ ಮೊದಲ ದಿನವೇ ಕಪ್ಪೆರಾಯ ಓಡೋಡಿ ಬಂದು ಕೈ ಮುಗಿದಿದ್ದ.

"ಯಜಮಾನ್ರೇ, ನಿಮ್ಮ ದಮ್ಮಯ್ಯ, ತುಳೀಬೇಡಿ. ತಳ ಕೆಟ್ಟರೆ ನೀರೆಲ್ಲ ಸೋರಿಹೋಗುತ್ತೆ, ನನ್ನ ಕೆಲಸಾನೂ ಹೋಗುತ್ತೆ."

ಅಯ್ಯೋ ಪೆದ್ದೇ, ಎಲ್ಲಿ ಹೊಡೆದರೆ ನೋಯುತ್ತದೆಂದು ತಾನೇ ತೋರಿಸಿಕೊಡುವ ಇಂಥವನು ಕಾಲುವೆ ಕಟ್ಟುತ್ತಾನಂತೆ. ಮಣ್ಣು ಅಗೆದು ಏರಿ ಕಟ್ಟಿದ ಆಳುಗಳನ್ನು ಕಾಲುವೆ ಕಟ್ಟಿಸುತ್ತಿದ್ದ ಕಂಪನಿ ಆಗಲೇ ಬೇರೆಡೆಗೆ ಸಾಗಿಸಿತ್ತು. ತಡೆಯಲು ಅವನ ಬಳಿ ನರಪಿಳ್ಳೆಯೂ ಇರಲಿಲ್ಲ. ಅಂದಿನಿಂದ ದಿನವೂ ಇದೇ ಕೆಲಸವಾಯಿತು.

"ಹೋಗ್ಲಿ, ಆ ತಿರುವಿನಾಚೆಗಾದ್ರೂ ಹೋಗಬೇಡಿ," ಎಂದು ಕಪ್ಪೆರಾಯ ಇನ್ನೊಮ್ಮೆ ಅಂಗಲಾಚಿದ. ಮಾರನೆಯ ದಿನ ತಿರುವಿನಾಚೆಯೇ ತುಳಿದರು.

ಯಜಮಾನನ ಹೆಂಡತಿಯ ತಮ್ಮನಿಗೆ ಮಾತ್ರ ಒಂದು ಅನುಮಾನ. "ಭಾವ, ನಾವು ಬರೋಕೆ ಮುಂಚೆ ಅವನೇ ಮಣ್ಣಿಗೆ ನೀರು ಹಾಕಿಟ್ಟಿರ್ತಾನಲ್ಲ, ಯಾಕೆ?"

"ನಾವು ಜಾರಿ ಬೀಳ್ಲಿ ಅಂತ ಕಣೋ. ಅವನ ತಲೆ ಓಡೋದೇ ಅಷ್ಟು."

ತೂಬು ಎತ್ತಿ ಕಾಲುವೆಗೆ ನೀರು ಬಿಡುವ ದಿನ ಯಜಮಾನ ಏರಿಯ ಹೊರಬದಿಯಲ್ಲಿ, ಬುಡಕ್ಕೇ ಕುರ್ಚಿ ಹಾಕಿಸಿ ಕಾಲ ಮೇಲೆ ಕಾಲು ಹಾಕಿ ಕೂತ. ನೀರು ಸೋರುವುದನ್ನು ಕಣ್ಣಾರೆ ನೋಡಬೇಕು, ಕಪ್ಪೆರಾಯನ ಮುಖ ಬಾಡುವುದನ್ನೂ. ಕಾಲುವೆ ತುಂಬಿತು. ಮೊದಲ ದೋಣಿ ಅವನ ತಲೆಗಿಂತ ಎತ್ತರದಲ್ಲಿ ತೇಲಿಹೋಯಿತು. ಕುರ್ಚಿಯಡಿಯ ಧೂಳು ಧೂಳಾಗಿಯೇ ಉಳಿಯಿತು. ಯಜಮಾನ ಬಗ್ಗಿ ಆ ಧೂಳನ್ನು ಮುಟ್ಟಿ ನೋಡಿದ.

ಇಂಜಿನಿಯರ್ ಏರಿಯಿಂದ ಇಳಿದು ಬಂದ. ಈ ಸಲ ಕೈ ಮುಗಿಯಲಿಲ್ಲ. ಯಜಮಾನನ ಪಾದಗಳನ್ನೇ ನೋಡಿ ನಕ್ಕ.

"ಜೇಡಿಮಣ್ಣನ್ನ ಚೆನ್ನಾಗಿ ತುಳಿದರೇನೇ ನೀರು ನಿಲ್ಲೋದು, ಯಜಮಾನ್ರೇ. ತುಳಿಸೋಕೆ ಎತ್ತು ಕೊಡಿ ಅಂತ ಕಂಪನಿಯವರ ಕಾಲಿಗೆ ಬಿದ್ದರೂ ಕೊಡಲಿಲ್ಲ. ನಿಮಗೆ ಬರೀ ಕೈ ಮುಗಿದೆ, ಎತ್ತಿನ ಜೊತೆ ನೀವೂ ಇಳಿದ್ರಿ."