ಜಗಳದ ನಡುವೆ

ಅಕ್ಕ ಫೋನ್ ಕೆಳಗಿಟ್ಟು, "ಅವಳ ಕೈಲಿ ಆಗಲ್ಲ ಅಂತ ಹೇಳ್ಬಿಟ್ಟೆ" ಎಂದಳು, ಬೇಡದ ಸಾಮಾನನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದಷ್ಟು ಸಲೀಸಾಗಿ.

"ಯಾರ ಕೈಲಿ?" ಎಂದಳು ತಂಗಿ.

"ಇನ್ಯಾರ ಕೈಲಿ, ನಿನ್ನ ಕೈಲೇ. ಬೋರ್ಡ್ ಅಂಗಡಿಯವರು ಫೋನ್ ಮಾಡಿದ್ರು. ಹೊಸಬರು ಬರೆಯೋ ಅಕ್ಷರ ಒಂದೂ ನೆಟ್ಟಗಿರಲ್ವಂತೆ. ವಾರಕ್ಕೆ ಮೂರು ದಿನ ಬಂದು ತಿದ್ದಿ ಹೇಳಿಕೊಡ್ತಾಳಾ ಅಂತ ಕೇಳಿದ್ರು."

ತಂಗಿ ಹದಿನಾರು ವರ್ಷ ಅದೇ ಅಂಗಡಿಯಲ್ಲಿ ಬೋರ್ಡು ಬರೆದವಳು. ಏಣಿಯಿಂದ ಬಿದ್ದು ನಾಲ್ಕು ವರ್ಷವಾಗಿತ್ತು. ಕಾಲು ಹೋಯಿತು, ಬೆರಳು ಹೋಯಿತು. ಕತ್ತು, ಭುಜ ಮತ್ತು ನಾಲಿಗೆ ಉಳಿದವು. ಅಂದಿನಿಂದ ಉಣಿಸುವುದು, ಮೀಯಿಸುವುದು, ಗಾಲಿಕುರ್ಚಿ ತಳ್ಳುವುದು ಎಲ್ಲ ಅಕ್ಕನದೇ. ಒಂದು ದಿನವೂ ಮುಖ ಸಿಂಡರಿಸಿದವಳಲ್ಲ. ಆದರೆ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವಳಿಗೆ ಬುದ್ಧಿ ಹೇಳುವ ಚಟ. ಮೊದಲೆಲ್ಲ ಅಕ್ಕ ಶುರುಮಾಡಿದರೆ ತಂಗಿ ಎದ್ದು ಹೊರಟುಬಿಡುತ್ತಿದ್ದಳು. ಈಗ ಕುರ್ಚಿ ನಿಲ್ಲಿಸಿದ ಜಾಗದಲ್ಲೇ ಕೂತು ಪೂರ್ತಿ ಕೇಳಬೇಕು.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಹೂಂ ಅಂತೀಯ. ಅದಕ್ಕೇ ಕೇಳಲಿಲ್ಲ."

ತಂಗಿಯ ಭುಜಗಳು ಬಿಗಿದವು. ಬಿಗಿದದ್ದೇ ತಡ, ಮೋಟಾರಿನ ಹೊಸ ಕುರ್ಚಿ ಗಕ್ಕನೆ ಮುಂದಕ್ಕೆ ನುಗ್ಗಿ ಕಪಾಟಿಗೆ ಗುದ್ದಿತು. ಚಿಕಿತ್ಸಾ ಕೇಂದ್ರದವರು ಅವಳ ಎರಡೂ ಭುಜಕ್ಕೆ ಬೆಂಕಿಪೊಟ್ಟಣದಷ್ಟಗಲದ ಸೆನ್ಸರ್ ಪಟ್ಟಿ ಅಂಟಿಸಿದ್ದರು. ಸ್ನಾಯು ಬಿಗಿದರೆ ಅದಕ್ಕೆ ತಿಳಿಯುತ್ತದೆ: ಬಲಭುಜ ಎತ್ತಿದರೆ ಕುರ್ಚಿ ಬಲಕ್ಕೆ, ಎಡಭುಜ ಎತ್ತಿದರೆ ಎಡಕ್ಕೆ, ಎರಡೂ ಎತ್ತಿದರೆ ಮುಂದಕ್ಕೆ, ಇಳಿಸಿದರೆ ನಿಲ್ಲುತ್ತದೆ. ಆದರೆ ಸಿಟ್ಟು ಯಾವುದು, ಅಪ್ಪಣೆ ಯಾವುದು ಎಂಬುದು ಮಾತ್ರ ಅದಕ್ಕೆ ತಿಳಿಯದು. ಮೂರು ವಾರದಲ್ಲಿ ಬಾಗಿಲ ಚೌಕಟ್ಟಿನ ಬಣ್ಣ ಕಿತ್ತುಬಂದಿತ್ತು, ಅಕ್ಕನ ಕಾಲ್ಬೆರಳು ಎರಡು ಸಲ ಚಕ್ರದಡಿ ಸಿಕ್ಕಿತ್ತು. "ಮನಸ್ಸು ಸಮಾಧಾನವಾಗಿದ್ದಾಗ ಮಾತ್ರ ಓಡಿಸಿ" ಎಂದಿದ್ದಳು ಕೇಂದ್ರದಿಂದ ಕಲಿಸಲು ಬರುತ್ತಿದ್ದವಳು. ಈ ಮನೆಯಲ್ಲಿ ಅಂಥ ಹೊತ್ತು ಯಾವಾಗ ಬರುತ್ತದೆಂದು ಪಾಪ ಅವಳಿಗೇನು ಗೊತ್ತು?

"ನೋಡಿದ್ಯಾ?" ಅಕ್ಕ ಸೊಂಟಕ್ಕೆ ಕೈಯಿಟ್ಟಳು. "ಮನೆಯೊಳಗೇ ಹೀಗೆ, ಇನ್ನು ಬೀದಿಗೆ ಬೇರೆ ಹೋಗ್ಬೇಕಾ? ನಾಳೆನೇ ಇದನ್ನ ವಾಪಸ್ ಕಳಿಸ್ತೀನಿ. ತಳ್ಳೋಕೆ ನಾನಿಲ್ವಾ?"

ತಂಗಿಗೆ ಉತ್ತರ ಬಾಯಿತುಂಬ ಇತ್ತು. ನುಂಗಿಕೊಂಡಳು. ಕಣ್ಣು ಮುಚ್ಚಿ, ಹಿಂದೆ ಏಣಿಯ ಮೇಲೆ ನಿಂತು ಉದ್ದನೆಯ ಗೆರೆ ಎಳೆಯುವ ಮುಂಚೆ ಬಿಡುತ್ತಿದ್ದಂಥ ಉಸಿರನ್ನು ಬಿಟ್ಟಳು. ಸಿಟ್ಟು ಎದೆಯಲ್ಲೇ ಇತ್ತು, ಇರಲಿ. ಭುಜದಿಂದ ಇಳಿದರೆ ಸಾಕು. ಎರಡೂ ಭುಜ ಮೆಲ್ಲಗೆ ಇಳಿದವು. ಕಪಾಟಿಗೆ ಆತು ಗುರುಗುಡುತ್ತಿದ್ದ ಮೋಟಾರು ಸುಮ್ಮನಾಯಿತು.

ಪೆಟ್ಟಾದ ಕಪಾಟನ್ನು ಬಗ್ಗಿ ನೋಡುತ್ತಿದ್ದ ಅಕ್ಕನ ಮಾತು ನಡೆದೇ ಇತ್ತು. ತಂಗಿ ಬಲಭುಜವನ್ನು ಒಂದಿಷ್ಟೇ ಎತ್ತಿದಳು. ಕುರ್ಚಿ ಬಾಗಿಲಿನತ್ತ ತಿರುಗಿತು. ಎರಡೂ ಭುಜ ಎತ್ತಿದಳು. ಚೌಕಟ್ಟಿನ ಎರಡೂ ಬದಿಗೆ ಸಮನಾಗಿ ಎರಡೆರಡು ಬೆರಳು ಜಾಗ ಬಿಟ್ಟು, ಬೋರ್ಡಿನ ಮೇಲೆ ಅಕ್ಷರ ಕೂರಿಸಿದ ಹಾಗೆ, ಕುರ್ಚಿ ಬಾಗಿಲು ದಾಟಿತು. ಹಜಾರ ದಾಟಿತು. ಇಳಿಜಾರಿನ ಹಲಗೆಯ ಮೇಲಿಂದ ತೆರೆದಿದ್ದ ಗೇಟಿಗೆ ಇಳಿಯಿತು.

ಒಳಗಿನಿಂದ ದನಿ ಬರುತ್ತಲೇ ಇತ್ತು: "ಆವತ್ತೂ ಗಾಳಿ ಜಾಸ್ತಿ ಇದೆ, ಏಣಿ ಹತ್ತಬೇಡ ಅಂದೆ, ನೀನೆಲ್ಲಿ ಕೇಳ್ತೀಯ, ನಿನ್ನ ಹಟವೇ ನಿಂಗೆ..." ಅಷ್ಟಕ್ಕೇ ನಿಂತಿತು. ಕೇಳಿಸಿಕೊಳ್ಳಲು ಎದುರಿಗೆ ಕಪಾಟು ಮಾತ್ರ ಇತ್ತು.

"ಲೇ, ಎಲ್ಲಿಗೆ ಹೊರಟೆ? ನನ್ನ ಮಾತಿನ್ನೂ ಮುಗಿದಿಲ್ಲ."

"ನಿಂದು ಮುಗಿದಿಲ್ಲ ಅಕ್ಕ. ನಾನು ಕೇಳೋದು ಮುಗೀತು." ತಂಗಿ ತಿರುಗಿ ನೋಡಲಿಲ್ಲ. ತಿರುಗಿದ್ದರೆ ಮುಖದ ತುಂಬ ಹರಡಿದ್ದ ನಗು ಸಿಕ್ಕಿಬೀಳುತ್ತಿತ್ತು. ನಾಲ್ಕು ವರ್ಷದ ಮೇಲೆ ಒಂದು ಜಗಳವನ್ನು ಅರ್ಧಕ್ಕೆ ಬಿಟ್ಟು ಬಂದಿದ್ದಳು.

ಅಕ್ಕ ಬರಿಗಾಲಲ್ಲೇ ಬೀದಿಗೆ ಓಡಿಬಂದಳು, ಎರಡೂ ಕೈ ಮುಂದೆ ಚಾಚಿಕೊಂಡು. ಕುರ್ಚಿಯ ಬೆನ್ನು ಸಿಗಲಿಲ್ಲ. ಅದು ಅವಳ ಓಟಕ್ಕಿಂತ ಒಂದು ಗುಲಗಂಜಿ ಜೋರಾಗಿಯೇ ಹೋಗುತ್ತಿತ್ತು. ತಿರುವಿನಲ್ಲಿ ತಂಗಿ ಭುಜ ಇಳಿಸಿ ನಿಂತಳು.

"ಹಿಂದೆ ಬರಬೇಡ. ಬರೋದಾದ್ರೆ ಪಕ್ಕದಲ್ಲಿ ಬಾ. ಅಂಗಡಿ ಮುಚ್ಚೋದರೊಳಗೆ ಹೋಗಿ ಮಾತಾಡ್ಬೇಕು."

ಅಕ್ಕ ಏದುಸಿರು ಬಿಡುತ್ತ ಪಕ್ಕಕ್ಕೆ ಬಂದಳು. ಖಾಲಿಯಾದ ಕೈಗಳನ್ನು ಏನು ಮಾಡುವುದೆಂದು ಅವಳಿಗೆ ತೋಚಲಿಲ್ಲ. ಒಮ್ಮೆ ಬೆನ್ನ ಹಿಂದೆ ಕಟ್ಟಿಕೊಂಡಳು, ಒಮ್ಮೆ ಎದೆಯ ಮೇಲೆ. ಆಮೇಲೆ ಎರಡನ್ನೂ ಬಿಟ್ಟು, ಆರಾಮಾಗಿ ಬೀಸಿಕೊಂಡು ನಡೆದಳು.