ಮುಖ ತಿರುಗಿಸಿದವಳು

"ತಲೆ ಅಲ್ಲಾಡಬಾರದು. ಅಮ್ಮ, ನೀವು ಸ್ವಲ್ಪ ಹಿಡ್ಕೊಳ್ತೀರಾ?" ಎಂದು ಡಾಕ್ಟರ್ ಕೇಳಿದಾಗ ಅತ್ತೆ ಒಲ್ಲದ ಮನಸ್ಸಿನಿಂದಲೇ ಎದ್ದರು. ಮಂಚದ ಮೇಲೆ ಮಲಗಿದ್ದ ಸೊಸೆಯ ಕತ್ತು ಎಂದಿನಂತೆ ಎಡಕ್ಕೆ ಹೊರಳಿತ್ತು. ಅತ್ತೆ ಎರಡೂ ಅಂಗೈಯಲ್ಲಿ ಅವಳ ತಲೆ ಹಿಡಿದು ನೇರ ಮಾಡಿದರು.

ಹಿಡಿದ ಮೇಲೆ ಗೊತ್ತಾಯಿತು. ಸೊಸೆ ಕಣ್ಣು ಮುಚ್ಚಿ, ಕೈಕಾಲು ಸಡಿಲ ಬಿಟ್ಟು ಮಲಗಿದ್ದಳು. ಆದರೂ ಒಳಗಿನಿಂದ ಯಾರೋ ಹಗ್ಗ ಕಟ್ಟಿ ಜಗ್ಗಿದಂತೆ ತಲೆ ಎಡಕ್ಕೇ ಹೋಗುತ್ತಿತ್ತು. ಎರಡು ನಿಮಿಷಕ್ಕೆ ಅತ್ತೆಯ ಮಣಿಕಟ್ಟು ಸೋತುಹೋಯಿತು. ಇವಳು ಇದನ್ನು ದಿನವಿಡೀ ಹೊತ್ತು ತಿರುಗುತ್ತಾಳೆಯೇ?

ಅತ್ತೆ ಮೂವತ್ತು ವರ್ಷ ಗಣಿತ ಕಲಿಸಿದವರು. ಪರೀಕ್ಷೆಯ ದಿನ ಹೊಟ್ಟೆನೋವು ಎನ್ನುವ ಮಕ್ಕಳನ್ನು ಬಾಗಿಲಲ್ಲೇ ಪತ್ತೆ ಹಚ್ಚುತ್ತಿದ್ದರು. ಸೊಸೆಯ ಕತ್ತು ತಿರುಗಲು ಶುರುವಾಗಿ ಮೂರು ವರ್ಷ. ದೊಡ್ಡ ಸ್ಕ್ಯಾನಿನಲ್ಲೂ ಏನೂ ಕಂಡಿರಲಿಲ್ಲ. ಅದರ ಮೇಲೆ, ಗದ್ದಕ್ಕೆ ಒಂದು ಬೆರಳು ತಾಗಿಸಿಕೊಂಡರೆ ಸಾಕು, ಕತ್ತು ನೆಟ್ಟಗಾಗುತ್ತಿತ್ತು! ಅದನ್ನು ನೋಡಿದ ದಿನವೇ ಅತ್ತೆ ಅಂದಿದ್ದರು: "ಬೆರಳಿಟ್ರೆ ವಾಸಿಯಾಗೋ ಕಾಯಿಲೆ ಯಾವುದಮ್ಮ? ನನ್ನ ಮುಖ ನೋಡೋಕೆ ಇಷ್ಟ ಇಲ್ಲ ಅಂತ ಹೇಳಿಬಿಡು, ಮುಗೀತು." ಅಂದಿನಿಂದ ಸೊಸೆ ವಿವರಣೆ ಕೊಡುವುದನ್ನೇ ಬಿಟ್ಟಿದ್ದಳು. ಇವತ್ತು ಮಗನಿಗೆ ರಜೆ ಸಿಗದ ಕಾರಣ ಅತ್ತೆ ಜೊತೆಗೆ ಬಂದಿದ್ದರು. ನಾಟಕ ಬಯಲಾಗಲಿ ಎಂಬ ಆಸೆಯೂ ಒಳಗೊಳಗೇ ಇತ್ತು.

"ಹೊಟ್ಟೆಯಲ್ಲಿರೋ ಮಗೂನ ನೋಡ್ತೀವಲ್ಲ, ಅದೇ ಥರದ ಯಂತ್ರ ಇದು," ಎನ್ನುತ್ತಾ ಡಾಕ್ಟರ್ ಸೊಸೆಯ ಕಿವಿಯ ಮುಂದೆ, ಕಣತಲೆಗೆ ಜೆಲ್ ಹಚ್ಚಿದರು. "ಇಲ್ಲಿ ಮೂಳೆ ತೆಳು. ಕಿಟಕಿಯಿಂದ ಇಣುಕಿದ ಹಾಗೆ."

ಪರದೆಯ ಮೇಲೆ ಬೂದು ಮಂಜು ಹರಡಿತು. ಅದರೊಳಗೆ ಒಂದು ಕಡೆ ಸೀಮೆಸುಣ್ಣ ಒರೆಸಿದಷ್ಟು ಬಿಳುಪು.

"ಮೆದುಳಲ್ಲಿ ಚಲನೇನ ಹಿಡಿತದಲ್ಲಿಡೋ ಜಾಗ ಇದು. ಇಷ್ಟು ಬೆಳ್ಳಗೆ ಕಾಣಬಾರದು. ದೊಡ್ಡ ಸ್ಕ್ಯಾನಿನಲ್ಲಿ ಇದು ಎಷ್ಟೋ ಸಲ ಕಾಣಲ್ಲ. ಇದೊಂದನ್ನೇ ನಂಬಿ ಹೇಳೋಕಾಗಲ್ಲ. ಆದ್ರೆ ಆಗ ಕತ್ತು ಪರೀಕ್ಷೆ ಮಾಡಿದೆನಲ್ಲ, ಅದಕ್ಕೂ ಇದಕ್ಕೂ ತಾಳೆ ಆಗ್ತಿದೆ. ಡಿಸ್ಟೋನಿಯಾ ಅಂತಾರೆ. ಮೆದುಳೇ ಸ್ನಾಯುಗಳಿಗೆ ತಪ್ಪು ಅಪ್ಪಣೆ ಕೊಡುತ್ತೆ. ಕತ್ತಿಗೆ ಇಂಜೆಕ್ಷನ್ ಕೊಟ್ರೆ ತುಂಬಾ ಜನಕ್ಕೆ ಎಳೆತ ಕಮ್ಮಿ ಆಗುತ್ತೆ."

"ಬೆರಳಿಟ್ರೆ ಸರಿಹೋಗುತ್ತಲ್ಲ ಡಾಕ್ಟ್ರೇ?" ಅತ್ತೆಯ ಸ್ವರ ಕುಗ್ಗಿತ್ತು.

"ಅದೇ ಈ ಕಾಯಿಲೆಯ ಗುರುತು ಅಮ್ಮ. ಪಾಪ, ಅದನ್ನ ನೋಡೇ ಎಲ್ಲರೂ ಇವರನ್ನ ಅನುಮಾನಿಸೋದು."

ಸೊಸೆಯ ಮುಚ್ಚಿದ ಕಣ್ಣಂಚಿನಿಂದ ನೀರಿಳಿದು ಅತ್ತೆಯ ಹೆಬ್ಬೆರಳು ತೋಯ್ದಿತು. "ಇನ್ನು ಬಿಡಬಹುದು," ಎಂದರು ಡಾಕ್ಟರ್. ಅತ್ತೆ ಬಿಡಲಿಲ್ಲ. ಒಂದು ಕೈಯಲ್ಲಿ ತಲೆ ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಸೆರಗೆಳೆದು ಅವಳ ಕಣತಲೆಯ ಜೆಲ್ ಒರೆಸಿದರು. ಆಮೇಲೆ ಕಣ್ಣನ್ನೂ.

ಹೊರಗೆ, ವರದಿಗಾಗಿ ಕಾಯುತ್ತಾ ಇಬ್ಬರೂ ಸಾಲು ಕುರ್ಚಿಯಲ್ಲಿ ಕೂತರು.

"ಸುಸ್ತಾಯ್ತಾ?"

"ಇಲ್ಲ ಅತ್ತೆ," ಎಂದಳು ಸೊಸೆ, ಕತ್ತು ಹೊರಳಿದ್ದ ಎಡಪಕ್ಕದ ಖಾಲಿ ಕುರ್ಚಿಗೆ.

ಅತ್ತೆ ಎದ್ದು, ಚೀಲ ಎತ್ತಿಕೊಂಡು, ಅವಳ ಮೊಣಕಾಲು ದಾಟಿ ಹೋಗಿ ಆ ಕುರ್ಚಿಯಲ್ಲಿ ಕೂತರು. ಈಗ ಮುಖಕ್ಕೆ ಮುಖ.

"ಮೂರು ವರ್ಷದಿಂದ ನಾನೇ ತಪ್ಪು ಕಡೆ ಕೂತಿದ್ದೆ ಕಣೇ," ಎಂದರು.