ಕೊಂಡಿಯಿಲ್ಲದ ಚೇಳು

“ಕಾಪಿರೈಟ್ ದೂರು: ನಿಮ್ಮ ವಿಡಿಯೋ ಬೇರೊಬ್ಬರದ್ದು, ತೆಗೆದುಹಾಕಲಾಗಿದೆ.” ಮೊಬೈಲ್ ನೋಡಿದ ಅನಸೂಯ ಹಲ್ಲು ಕಡಿದಳು. ಬರಗೂರಿನ ತಮ್ಮ ಮನೆಯ ಒಲೆಯ ಮುಂದೆ ಅತ್ತೆ ನಾಗಕ್ಕ ಮುದ್ದೆ ಕಟ್ಟುವುದನ್ನು ವಿಡಿಯೋ ಮಾಡಿದವಳೇ ಅವಳು. ಅದನ್ನು ಕದ್ದ ಯಾವುದೋ ದೊಡ್ಡ ಚಾನೆಲ್ಲು ಈಗ ಇವಳನ್ನೇ ಕಳ್ಳಿ ಅನ್ನುತ್ತಿತ್ತು.

ವಿಡಿಯೋದಲ್ಲಿ ಅತ್ತೆಯ ಮುಖವಿರಲಿಲ್ಲ, ಕೈ ಮಾತ್ರ ಇತ್ತು. ಮುಂಗೈಯಲ್ಲಿ ಕೊಂಡಿಯಿಲ್ಲದ ಚೇಳಿನ ಹಚ್ಚೆ. ಚುಚ್ಚಿಸಿಕೊಳ್ಳುವಾಗ ನೋವು ತಾಳದೆ ನಾಗಕ್ಕ ಅರ್ಧಕ್ಕೇ ಎದ್ದೋಡಿದ್ದಳು. ಊರಲ್ಲಿ ಅಂಥ ಕೈ ಇನ್ನೊಂದಿಲ್ಲ. ಅನಸೂಯ ಅದರ ಫೋಟೋ ತೆಗೆದು, ವಿಡಿಯೋ ತೆಗೆದುಹಾಕಿದ ಕಂಪನಿಗೆ ಸಾಕ್ಷಿಯಾಗಿ ಕಳಿಸಿದಳು. ಒಡನೆಯೇ ಉತ್ತರ ಬಂತು: “ಈ ಚಿತ್ರವೂ ಅದೇ ಚಾನೆಲ್ಲಿನ ಆಸ್ತಿ.”

“ಏನಂತೆ?” ಅಂದಳು ನಾಗಕ್ಕ.

“ಈ ಕೈನೂ ಅವ್ರದೇ ಅಂತೆ ಕಣತ್ತೆ!”

ನಾಗಕ್ಕ ಅಂಗೈಗೆ ನೀರು ಸವರಿ, ಹಬೆಯಾಡುವ ಹಿಟ್ಟಿಗೆ ಕೈಯಿಟ್ಟಳು. “ಅಂಗಾರೆ ಬಿಸಿ ತಾಕಿದ್ರೆ ನಂಗ್ಯಾಕೆ ಉರೀತೈತೆ, ಕೇಳೇ ಅವ್ರನ್ನ.”